ಹೊಸ ಕಾರ್ಮಿಕ ಸಂಹಿತೆಗಳಿಗೆ ಸಣ್ಣ ಉದ್ಯಮ ಸಜ್ಜಾಗುವುದು ಹೇಗೆ: ಸಂಬಳದ ಹಾಳೆಯಿಂದ ಶುರು ಮಾಡಿ

ಹತ್ತಿಪ್ಪತ್ತು ಜನರಿಗೆ ಕೆಲಸ ಕೊಟ್ಟು ವರ್ಕ್‌ಶಾಪ್, ಹೋಟೆಲ್, ಬಟ್ಟೆ ಅಂಗಡಿ, ಪ್ರಿಂಟಿಂಗ್ ಪ್ರೆಸ್ ನಡೆಸುತ್ತಿರುವವರಿಗಾಗಿ ಈ ಬರಹ. ದೇಶದ 29 ಕಾರ್ಮಿಕ ಕಾನೂನುಗಳು ಈಗ ನಾಲ್ಕು ಸಂಹಿತೆಗಳಾಗಿವೆ. 2019ರ ವೇತನ ಸಂಹಿತೆ ಒಂದು. 2020ರಲ್ಲಿ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ ಉಳಿದ ಮೂರು. ನಾಲ್ಕೂ 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ.

ಸಂಹಿತೆ ಮಾಡಿದ್ದು ಸಂಸತ್ತು. ಆದರೆ ಯಾವ ಫಾರಂ, ಯಾವ ರಿಜಿಸ್ಟರ್, ಯಾವ ಅರ್ಜಿ ಅನ್ನುವ ವಿವರ ಇರುವುದು ನಿಯಮಗಳಲ್ಲಿ. ಅಂಗಡಿ, ಹೋಟೆಲ್, ಸಣ್ಣ ಕಾರ್ಖಾನೆಗಳ ಮಟ್ಟಿಗೆ ಆ ನಿಯಮಗಳನ್ನು ಹೆಚ್ಚಾಗಿ ರಾಜ್ಯ ಸರ್ಕಾರವೇ ಮಾಡುತ್ತದೆ. ಹಾಗಾಗಿ 'ನಿಯಮ ಎಲ್ಲ ಬರಲಿ, ಆಮೇಲೆ ನೋಡೋಣ' ಅಂತ ಕೂರುವವರು ಬಹಳ ಜನ. ಅದು ತಪ್ಪು ಲೆಕ್ಕ. ಸಂಬಳ ಅಂದರೆ ಏನು, ಯಾವ ದಿನದೊಳಗೆ ಕೊಡಬೇಕು, ಎಷ್ಟು ಕಡಿತ ಮಾಡಬಹುದು ಅನ್ನುವುದೆಲ್ಲ ಸಂಹಿತೆಯ ಒಳಗೇ ಬರೆದಿದೆ. ಹೊಸ ನಿಯಮ ಬರುವ ತನಕ, ಸಂಹಿತೆಗೆ ವಿರುದ್ಧವಲ್ಲದ ಹಳೆಯ ನಿಯಮಗಳು ಮುಂದುವರಿಯುತ್ತವೆ. ನಡುವೆ ಖಾಲಿ ಜಾಗ ಇಲ್ಲ.

ಸಣ್ಣ ಉದ್ಯಮಕ್ಕೆ ಈ ಬದಲಾವಣೆಯ ಮುಕ್ಕಾಲು ಭಾರ ಬೀಳುವುದು ಒಂದೇ ಕಡೆ: ಸಂಬಳದ ಹಾಳೆಯ ಮೇಲೆ. ಅದನ್ನು ಸರಿ ಮಾಡಿಕೊಂಡರೆ ಉಳಿದದ್ದು ಅಷ್ಟೇನೂ ಕಷ್ಟವಲ್ಲ.

ಮೊದಲ ಹೆಜ್ಜೆ: ತಲೆ ಎಣಿಸಿ

ನಿಮಗೆ ಯಾವ ಕಾನೂನು ಅನ್ವಯಿಸುತ್ತದೆ ಅನ್ನುವುದು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದರ ಮೇಲೆ ನಿಂತಿದೆ. ಆದ್ದರಿಂದ ಹೆಸರುಗಳ ಪಟ್ಟಿ ಮಾಡಿ. ಪರ್ಮನೆಂಟ್ ಇರುವವರನ್ನು ಮಾತ್ರ ಬರೆದರೆ ಸಾಲದು. ದಿನಗೂಲಿಯವರು, ಅರ್ಧ ದಿನ ಬರುವವರು, ಹಬ್ಬದ ಸೀಸನ್‌ಗೆ ಅಂತ ತೆಗೆದುಕೊಂಡವರು, ಏಜೆನ್ಸಿಯಿಂದ ಬಂದ ಸೆಕ್ಯೂರಿಟಿ, ಹೌಸ್‌ಕೀಪಿಂಗ್ ಜನ, ಎಲ್ಲರೂ ಪಟ್ಟಿಯಲ್ಲಿ ಬರಲಿ. ಗುತ್ತಿಗೆದಾರರ ಮೂಲಕ ಬಂದವರು ಪಿಎಫ್ (ಭವಿಷ್ಯ ನಿಧಿ), ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) ಎಣಿಕೆಯಲ್ಲಿ ಸೇರುತ್ತಾರೆ.

ಹತ್ತು ಜನ ಆದರೆ ಇಎಸ್‌ಐ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕೊಡುವ ಹಣ), ಹೆರಿಗೆ ಸೌಲಭ್ಯ ಮತ್ತು ಸುರಕ್ಷತಾ ಸಂಹಿತೆ ಬರುತ್ತವೆ. ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಆಂತರಿಕ ಸಮಿತಿ ಮಾಡಬೇಕಾದದ್ದೂ ಹತ್ತಕ್ಕೇ. ಇಪ್ಪತ್ತು ಆದರೆ ಪಿಎಫ್, ಬೋನಸ್, ಕುಂದುಕೊರತೆ ಸಮಿತಿ. ಕಾರ್ಖಾನೆ ಅನ್ನಿಸಿಕೊಳ್ಳುವ ಮಿತಿಯೂ ಏರಿದೆ: ಕರೆಂಟ್ ಬಳಸುವ ಕಡೆ 20, ಬಳಸದ ಕಡೆ 40. ಗುತ್ತಿಗೆ ಕಾರ್ಮಿಕರ ಕಟ್ಟಳೆಗಳು 50ಕ್ಕೆ, ಸ್ಟ್ಯಾಂಡಿಂಗ್ ಆರ್ಡರ್ (ಕೆಲಸದ ಷರತ್ತುಗಳ ಲಿಖಿತ ಕಟ್ಟಳೆ) 300ಕ್ಕೆ. ಈ ಕೊನೆಯ ಎರಡರ ಬಗ್ಗೆ ಸಣ್ಣ ಮಾಲೀಕರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ವೇತನ ಸಂಹಿತೆಗೆ ಮಾತ್ರ ಇಂಥ ಮಿತಿ ಇಲ್ಲ. ಇಬ್ಬರೇ ಕೆಲಸಕ್ಕಿದ್ದರೂ ಕನಿಷ್ಠ ವೇತನ, ಹೊತ್ತಿಗೆ ಸರಿಯಾಗಿ ಸಂಬಳ, ಕಡಿತದ ಮಿತಿ ಅನ್ವಯಿಸುತ್ತವೆ. ಇದು ಬಹಳ ಜನರಿಗೆ ಗೊತ್ತಿಲ್ಲ.

ಒಂಬತ್ತು–ಹತ್ತರ ಅಂಚಿನಲ್ಲಿ ಇರುವವರು ಇನ್ನೊಂದು ವಿಷಯ ಗಮನಿಸಿ. ಗ್ರಾಚ್ಯುಟಿಗೆ ನೋಡುವುದು ಹಿಂದಿನ 12 ತಿಂಗಳಲ್ಲಿ ಯಾವುದಾದರೂ ಒಂದು ದಿನ ಹತ್ತು ಜನ ಇದ್ದರಾ ಅಂತ. ದೀಪಾವಳಿ ವ್ಯಾಪಾರಕ್ಕೆ ಇಬ್ಬರನ್ನು ಜಾಸ್ತಿ ತೆಗೆದುಕೊಂಡಿದ್ದರೂ ಆ ಗೆರೆ ದಾಟಿದಂತೆಯೇ. ಒಮ್ಮೆ ದಾಟಿದ ಮೇಲೆ ಜನ ಕಡಿಮೆಯಾದರೂ ಇಎಸ್‌ಐ, ಗ್ರಾಚ್ಯುಟಿ ಬಿಟ್ಟು ಹೋಗುವುದಿಲ್ಲ.

ಎರಡನೇ ಹೆಜ್ಜೆ: ಕನಿಷ್ಠ ವೇತನ ಹೊಂದಿಸಿ ನೋಡಿ

ಮೊದಲು ಕನಿಷ್ಠ ವೇತನ ಇದ್ದದ್ದು ಸರ್ಕಾರ ಪಟ್ಟಿ ಮಾಡಿದ ಉದ್ಯೋಗಗಳಿಗೆ ಮಾತ್ರ. ಈಗ ಎಲ್ಲ ಕೆಲಸಗಾರರಿಗೂ ಇದೆ. ಜೊತೆಗೆ ಕೇಂದ್ರ ಸರ್ಕಾರ ಒಂದು ತಳಮಟ್ಟದ ವೇತನ ನಿಗದಿ ಮಾಡುತ್ತದೆ. ರಾಜ್ಯದ ದರ ಅದಕ್ಕಿಂತ ಕೆಳಗೆ ಇರುವಂತಿಲ್ಲ. ರಾಜ್ಯದ ದರ ಈಗಾಗಲೇ ಮೇಲಿದ್ದರೆ ಇಳಿಸುವಂತೆಯೂ ಇಲ್ಲ.

ಕರ್ನಾಟಕದಲ್ಲಿ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ರಿಂದ ಬದಲಾಗುತ್ತದೆ. ಮಾರ್ಚ್ ಕೊನೆಯ ವಾರದಲ್ಲಿ ಕಾರ್ಮಿಕ ಇಲಾಖೆಯ ಅಧಿಸೂಚನೆ ನೋಡುವುದು ಅಭ್ಯಾಸ ಮಾಡಿಕೊಳ್ಳಿ. ಪಟ್ಟಿಯ ಪ್ರತಿ ಹೆಸರಿನ ಮುಂದೆ ಆ ಕೆಲಸ ಕುಶಲವೋ, ಅರೆಕುಶಲವೋ, ಅಕುಶಲವೋ ಬರೆಯಿರಿ. ನಿಮ್ಮ ಊರು ಯಾವ ವಲಯಕ್ಕೆ ಸೇರಿದೆ ನೋಡಿ. ಆಮೇಲೆ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ ದರದ ಜೊತೆ ಹೋಲಿಸಿ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಪೆಟ್ರೋಲ್ ದುಡ್ಡು ಸೇರಿಸಿ ಹೋಲಿಸುವುದು ಬೇಡ.

ಒಂದೇ ಕೆಲಸಕ್ಕೆ ಗಂಡಸರಿಗೆ ಒಂದು, ಹೆಂಗಸರಿಗೆ ಒಂದು ಸಂಬಳ ಇದ್ದರೆ ಅದನ್ನೂ ಈಗಲೇ ಸರಿ ಮಾಡಿ. ಸರಿ ಮಾಡುವುದು ಅಂದರೆ ಕಡಿಮೆ ಇರುವವರಿಗೆ ಏರಿಸುವುದು. ಜಾಸ್ತಿ ಇರುವವರಿಗೆ ಇಳಿಸಿ ಸಮ ಮಾಡುವಂತಿಲ್ಲ.

ಮೂರನೇ ಹೆಜ್ಜೆ: ಸಂಬಳವನ್ನು ಬಿಡಿಸಿ ನೋಡಿ

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇಲ್ಲಿದೆ. ಇದಕ್ಕೆ ಒಂದು ಇಡೀ ದಿನ ಕೊಡಿ.

ನಾಲ್ಕು ಸಂಹಿತೆಗಳಲ್ಲೂ ವೇತನ ಅಂದರೆ ಏನು ಅನ್ನುವುದಕ್ಕೆ ಈಗ ಒಂದೇ ಬಗೆಯ ಲೆಕ್ಕ. ಬೇಸಿಕ್, ಡಿಎ, ರಿಟೇನಿಂಗ್ ಅಲೊಯನ್ಸ್ (ಕೆಲಸವಿಲ್ಲದ ಸೀಸನ್‌ನಲ್ಲೂ ಕೆಲಸಗಾರರನ್ನು ಉಳಿಸಿಕೊಳ್ಳಲು ಕೊಡುವ ಭತ್ಯೆ) ವೇತನದ ಒಳಗೆ. ಎಚ್‌ಆರ್‌ಎ, ಓಡಾಟದ ಭತ್ಯೆ, ಕಾನೂನಿನ ಪ್ರಕಾರದ ಬೋನಸ್, ಮಾಲೀಕರು ಕಟ್ಟುವ ಪಿಎಫ್ ಪಾಲು, ಓಟಿ (ಮಾಮೂಲಿ ಹೊತ್ತು ಮೀರಿ ದುಡಿದದ್ದಕ್ಕೆ ಕೊಡುವ ಹಣ), ಕಮಿಷನ್ ಇವು ಹೊರಗೆ. ಆದರೆ ಹೀಗೆ ಹೊರಗೆ ಇಟ್ಟದ್ದರ ಮೊತ್ತ ಒಟ್ಟು ಸಂಬಳದ ಅರ್ಧವನ್ನು ಮೀರಬಾರದು. ಮೀರಿದರೆ, ಮೀರಿದಷ್ಟನ್ನು ವೇತನಕ್ಕೇ ಸೇರಿಸಿ ಲೆಕ್ಕ ಹಾಕುತ್ತಾರೆ.

ಉದಾಹರಣೆ ತೆಗೆದುಕೊಳ್ಳೋಣ. 14 ಜನರಿರುವ ಒಂದು ವರ್ಕ್‌ಶಾಪ್. ಪಿಎಫ್ ಇಲ್ಲ. ಹಿರಿಯ ಫಿಟ್ಟರ್ ಒಬ್ಬರಿಗೆ ತಿಂಗಳಿಗೆ 40,000 ರೂಪಾಯಿ. ಹಾಳೆಯಲ್ಲಿ ಬರೆದದ್ದು ಹೀಗೆ: ಬೇಸಿಕ್ ಮತ್ತು ಡಿಎ 16,000, ಎಚ್‌ಆರ್‌ಎ 14,000, ಓಡಾಟದ ಭತ್ಯೆ 10,000. ಹೊರಗಿರುವ ಮೊತ್ತ 24,000. ಒಟ್ಟಿನ ಅರ್ಧ 20,000. ಮೀರಿದ್ದು 4,000. ಅದು ವೇತನಕ್ಕೆ ಸೇರಿ, ಇವರ ವೇತನ 16,000ದ ಬದಲು 20,000 ಆಗುತ್ತದೆ. ಒಟ್ಟು ಸಂಬಳ 40,000 ಹಾಗೇ ಇರುತ್ತದೆ. ಬದಲಾಗುವುದು ಈ ವೇತನದ ಮೇಲೆ ನಿಂತಿರುವ ಬೇರೆ ಲೆಕ್ಕಗಳು.

ಗ್ರಾಚ್ಯುಟಿ ನೋಡಿ. ಒಂದು ವರ್ಷದ ಸೇವೆಗೆ 15 ದಿನದ ವೇತನ. ತಿಂಗಳ ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸುತ್ತಾರೆ. 16,000ಕ್ಕೆ ಅದು ವರ್ಷಕ್ಕೆ ಸುಮಾರು 9,231 ರೂಪಾಯಿ. 20,000ಕ್ಕೆ ಸುಮಾರು 11,538. ಲೆಕ್ಕ ಹಾಕುವುದು ಕೆಲಸ ಬಿಡುವಾಗಿನ ಕೊನೆಯ ವೇತನದ ಮೇಲೆ. ಹತ್ತು ವರ್ಷ ದುಡಿದವರಿಗೆ 92,308ರ ಬದಲು 1,15,385 ಕೊಡಬೇಕಾಗುತ್ತದೆ. ಒಬ್ಬರಿಗೇ 23,000 ಚಿಲ್ಲರೆ ಜಾಸ್ತಿ. ಹಳಬರು ಐದಾರು ಜನ ಇದ್ದರೆ ಈ ಮೊತ್ತ ಸಣ್ಣದಲ್ಲ, ಅಲ್ವಾ?

ಇಎಸ್‌ಐ ಇನ್ನೊಂದು ತಿರುವು. ಅದಕ್ಕೆ ಸೇರಲು ವೇತನದ ಮಿತಿ ತಿಂಗಳಿಗೆ 21,000. ಇದೇ ಫಿಟ್ಟರ್ ಮೊದಲು ಎಚ್‌ಆರ್‌ಎ ಸೇರಿಸಿದ ಲೆಕ್ಕದಲ್ಲಿ ಮಿತಿ ದಾಟಿ ಹೊರಗಿದ್ದರು. ಹೊಸ ಲೆಕ್ಕದಲ್ಲಿ ಅವರ ವೇತನ 20,000. ಹಾಗಾಗಿ ಒಳಗೆ ಬರುತ್ತಾರೆ. ಮಾಲೀಕರ ಪಾಲು ಶೇ 3.25, ಅಂದರೆ 650 ರೂಪಾಯಿ. ಅವರ ಪಾಲು ಶೇ 0.75, ಅಂದರೆ 150. ಅವರ ಮನೆಯವರಿಗೆಲ್ಲ ಆಸ್ಪತ್ರೆಯ ನೆರವು ಸಿಗುತ್ತದೆ ಅನ್ನುವುದನ್ನು ಹೇಳಿದರೆ ಈ 150ಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಹೇಳದೆ ಕಡಿದರೆ ಮಾತ್ರ ಜಗಳ.

ಪಿಎಫ್ ಇರುವ ಕಡೆ ಲೆಕ್ಕ ಸ್ವಲ್ಪ ಬೇರೆ. ಮಾಲೀಕರ ಪಾಲೂ ಹೊರಗಿನ ಪಟ್ಟಿಗೆ ಸೇರುತ್ತದೆ. 15,000 ರೂಪಾಯಿ ಮಿತಿಯ ಮೇಲೆ ಪಿಎಫ್ ಕಟ್ಟುತ್ತಿದ್ದರೆ ಶೇ 12ರ ಪಾಲು 1,800 ಮೊದಲೂ ಅಷ್ಟೇ, ಈಗಲೂ ಅಷ್ಟೇ. ಕೈಗೆ ಬರುವ ಸಂಬಳ ಕಡಿಮೆಯಾಗುವುದಿಲ್ಲ. ಆದರೆ ಇಷ್ಟು ದಿನ 13,000ದ ಮೇಲೆ ಕಟ್ಟುತ್ತಿದ್ದು ಈಗ ವೇತನ 15,000 ಮುಟ್ಟಿದರೆ, 1,560 ಇದ್ದದ್ದು 1,800 ಆಗುತ್ತದೆ. ಇಬ್ಬರ ಪಾಲೂ 240 ಏರುತ್ತದೆ. ಮಿತಿಗಳನ್ನು ಸರ್ಕಾರ ಆಗಾಗ ಬದಲಿಸುತ್ತದೆ. ಕಟ್ಟುವ ತಿಂಗಳು ಯಾವ ಮಿತಿ ಇದೆ ನೋಡಿಕೊಂಡೇ ಕಟ್ಟಿ.

'ಸ್ಪೆಷಲ್ ಅಲೊಯನ್ಸ್' ಅಂತ ಹಾಕಿರುವವರು ಗಮನಿಸಿ. ಆ ಹೆಸರು ಹೊರಗಿನ ಪಟ್ಟಿಯಲ್ಲಿ ಇಲ್ಲ. ಅದನ್ನು ವೇತನದ ಒಳಗೇ ಇಟ್ಟು ಲೆಕ್ಕ ಹಾಕಿ. ಯಾರಾದರೂ 'ಹೆಸರು ಬದಲಿಸಿ ಓಡಾಟದ ಭತ್ಯೆ ಮಾಡಿಬಿಡಿ' ಅಂತ ಸಲಹೆ ಕೊಟ್ಟರೆ ಕೇಳಬೇಡಿ. ಅರ್ಧದ ಮಿತಿ ಇರುವುದರಿಂದ ಹೆಸರು ಬದಲಿಸಿ ಸಿಗುವ ಲಾಭ ಹೆಚ್ಚೇನಿಲ್ಲ. ಬೇಸಿಕ್ ಮತ್ತು ಡಿಎ ಒಟ್ಟಿನ ಅರ್ಧಕ್ಕಿಂತ ತುಸು ಮೇಲೇ ಇರಲಿ. ಅದು ಕೆಲಸಗಾರರಿಗೂ ನ್ಯಾಯ, ನಿಮಗೂ ನೆಮ್ಮದಿ.

ನಾಲ್ಕನೇ ಹೆಜ್ಜೆ: ಬದಲಿಸುವ ಮೊದಲು ತಿಳಿಸಿ

ಸಂಬಳದ ಭಾಗಗಳನ್ನು, ಭತ್ಯೆಯನ್ನು, ಕೆಲಸದ ಹೊತ್ತನ್ನು, ರಜೆಯನ್ನು ನಿಮ್ಮಷ್ಟಕ್ಕೆ ನೀವು ಬದಲಿಸುವಂತಿಲ್ಲ. ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಕೆಲಸಗಾರರಿಗೆ ನೋಟಿಸ್ ಕೊಟ್ಟು 21 ದಿನ ಆದ ಮೇಲೆಯೇ ಇಂಥ ಬದಲಾವಣೆ ಜಾರಿಗೆ ತರಬೇಕು. ಏಪ್ರಿಲ್ ಸಂಬಳದಿಂದ ಹೊಸ ಹಾಳೆ ಬೇಕು ಅಂದರೆ ಮಾರ್ಚ್ ಮೊದಲ ವಾರದಲ್ಲೇ ನೋಟಿಸ್ ಹೋಗಲಿ.

ನೋಟಿಸ್ ಬೋರ್ಡಿಗೆ ಅಂಟಿಸಿ ಕೈ ತೊಳೆದುಕೊಳ್ಳಬೇಡಿ. ಒಬ್ಬೊಬ್ಬರನ್ನೂ ಕೂರಿಸಿಕೊಂಡು ಹಳೆಯ ಪೇ ಸ್ಲಿಪ್, ಹೊಸ ಪೇ ಸ್ಲಿಪ್ ಪಕ್ಕಪಕ್ಕ ಇಟ್ಟು ತೋರಿಸಿ. "ಅಣ್ಣ, ನಿಮ್ಮ ಕೈಗೆ ಬರುವುದು ಇಷ್ಟು, ಇಎಸ್‌ಐಗೆ ಹೋಗುವುದು ಇಷ್ಟು, ಬಿಡುವಾಗ ಬರುವ ಗ್ರಾಚ್ಯುಟಿ ಇಷ್ಟು ಜಾಸ್ತಿ ಆಗುತ್ತೆ" ಅಂತ ಬಾಯಿಬಿಟ್ಟು ಹೇಳಿ. ಒಬ್ಬರಿಗೆ ಹತ್ತು ನಿಮಿಷ ಸಾಕು. ಸಂಬಳದ ಬಗ್ಗೆ ಮಾಲೀಕರು ಮಾತಾಡದೆ ಇದ್ದರೆ ಗಾಳಿಸುದ್ದಿ ಮಾತಾಡುತ್ತದೆ. ಒಳ್ಳೆಯ ಕೆಲಸಗಾರರು ಬಿಟ್ಟುಹೋಗುವುದು ಅಂಥ ಹೊತ್ತಿನಲ್ಲೇ.

ಐದನೇ ಹೆಜ್ಜೆ: ಎಲ್ಲರಿಗೂ ನೇಮಕಾತಿ ಪತ್ರ

ಸುರಕ್ಷತಾ ಸಂಹಿತೆ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಲೇಬೇಕು ಅನ್ನುತ್ತದೆ. ಹಳಬರಿಗೆ ಇಷ್ಟು ವರ್ಷ ಕೊಟ್ಟಿಲ್ಲದಿದ್ದರೆ, ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಕೊಡಬೇಕು ಅಂತಲೂ ಇದೆ. ಇನ್ನೂ ಕೊಟ್ಟಿಲ್ಲವಾದರೆ ಈ ವಾರವೇ ಕೂತು ಮುಗಿಸಿ. ಹತ್ತು ಜನ ಇಲ್ಲದ ಕಡೆಯೂ ಕೊಡುವುದೇ ಒಳ್ಳೆಯದು. ನಾಳೆ ತಕರಾರು ಬಂದರೆ ಇಬ್ಬರಿಗೂ ಆಧಾರ ಆ ಒಂದು ಹಾಳೆ.

ಎರಡು ಪುಟ ಸಾಕು. ಹೆಸರು, ವಿಳಾಸ, ಹುಟ್ಟಿದ ದಿನ, ಸೇರಿದ ದಿನ, ಕೆಲಸದ ಹೆಸರು, ಕುಶಲತೆಯ ದರ್ಜೆ, ಸಂಬಳದ ಭಾಗಗಳು, ಕೆಲಸದ ಹೊತ್ತು, ವಾರದ ರಜೆ, ಪಿಎಫ್ ಮತ್ತು ಇಎಸ್‌ಐ ನಂಬರ್, ಬಿಡುವಾಗ ಎಷ್ಟು ದಿನ ಮೊದಲು ತಿಳಿಸಬೇಕು, ಇಷ್ಟೂ ಇರಲಿ. ಕನ್ನಡದಲ್ಲೇ ಕೊಡಿ. ಹೊರರಾಜ್ಯದವರಿದ್ದರೆ ಅವರಿಗೆ ಗೊತ್ತಿರುವ ಭಾಷೆಯಲ್ಲಿ ಓದಿ ಹೇಳಿಸಿ. ಸೇರಿದ ದಿನಾಂಕ ಮಾತ್ರ ನಿಜವಾದದ್ದೇ ಇರಬೇಕು. ಎಂಟು ವರ್ಷದಿಂದ ದುಡಿಯುತ್ತಿರುವವರಿಗೆ ಇವತ್ತಿನ ದಿನಾಂಕ ಹಾಕಿ ಪತ್ರ ಕೊಟ್ಟರೆ ಅವರ ಸೇವೆಯನ್ನೇ ಅಳಿಸಿದಂತೆ. ಅದು ಕಾನೂನಿನಲ್ಲೂ ನಿಲ್ಲುವುದಿಲ್ಲ.

ಒಂದು ವರ್ಷ, ಎರಡು ವರ್ಷ ಅಂತ ಅವಧಿ ಹಾಕಿ ತೆಗೆದುಕೊಳ್ಳುವವರಿಗೆ ಹೊಸ ಮಾತು ಇದೆ. ಅಂಥವರಿಗೂ ಅದೇ ಕೆಲಸ ಮಾಡುವ ಪರ್ಮನೆಂಟ್‌ನವರಷ್ಟೇ ಸಂಬಳ, ಭತ್ಯೆ ಕೊಡಬೇಕು. ಗ್ರಾಚ್ಯುಟಿಗೆ ಪರ್ಮನೆಂಟ್‌ನವರಿಗೆ ಐದು ವರ್ಷ ಆಗಬೇಕು. ಅವಧಿ ಹಾಕಿದವರಿಗೆ ಒಂದು ವರ್ಷ ಆದರೆ ಸಾಕು.

ಆರನೇ ಹೆಜ್ಜೆ: ಸಂಬಳದ ದಿನ, ಕಡಿತ, ಓಟಿ

ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಆಗಬೇಕು. ವಾರದ ಸಂಬಳ ಆ ವಾರದ ಕೊನೆಯ ಕೆಲಸದ ದಿನ. ದಿನಗೂಲಿ ಅವತ್ತಿನ ಕೆಲಸ ಮುಗಿದಾಗಲೇ. 10ಕ್ಕೆ, 12ಕ್ಕೆ ಕೊಡುವ ರೂಢಿ ಇದ್ದರೆ ಗಿರಾಕಿಗಳ ಬಿಲ್ ವಸೂಲಿಯ ದಿನವನ್ನು ಹಿಂದಕ್ಕೆ ತರುವ ಏರ್ಪಾಡು ಮಾಡಿ. ಸಂಬಳ ಮುಂದಕ್ಕೆ ಹಾಕುವುದು ದಾರಿಯಲ್ಲ.

ಎಲ್ಲ ಕಡಿತಗಳೂ ಸೇರಿ ವೇತನದ ಅರ್ಧ ಮೀರಬಾರದು. ಅಡ್ವಾನ್ಸ್ ಕೊಟ್ಟು ವಸೂಲಿ ಮಾಡುವವರು ಇಲ್ಲಿ ಎಡವುತ್ತಾರೆ. ಮದುವೆಗೆ ಅಂತ 50,000 ಕೊಟ್ಟಿದ್ದರೆ ಕಂತು ಎಷ್ಟು, ಎಷ್ಟು ತಿಂಗಳು ಅಂತ ಕೊಡುವಾಗಲೇ ಬರೆದು ಸಹಿ ಹಾಕಿಸಿ. ದಂಡಕ್ಕೂ ಕಟ್ಟುಪಾಡು ಇದೆ. ಆ ಅವಧಿಯ ವೇತನದ ಶೇ 3ಕ್ಕಿಂತ ಜಾಸ್ತಿ ಹಾಕುವಂತಿಲ್ಲ. ಕಾರಣ ಕೇಳದೆ ಹಾಕುವಂತಿಲ್ಲ. ಕಂತಿನಲ್ಲಿ ಅಥವಾ 90 ದಿನ ಕಳೆದ ಮೇಲೆ ವಸೂಲಿ ಮಾಡುವಂತಿಲ್ಲ. ತಡವಾಗಿ ಬಂದದ್ದಕ್ಕೆ ಅರ್ಧ ದಿನದ ಸಂಬಳ ಹಿಡಿಯುವ ಪದ್ಧತಿ ಎಲ್ಲಾದರೂ ಇದ್ದರೆ ಇವತ್ತೇ ನಿಲ್ಲಿಸಿ.

ಕಡಿತದಲ್ಲಿ ಅತಿ ಗಂಭೀರವಾದದ್ದು ಪಿಎಫ್, ಇಎಸ್‌ಐ. ಕೆಲಸಗಾರರ ಪಾಲು ಅಂತ ಸಂಬಳದಿಂದ ತೆಗೆದು ಕಟ್ಟದೆ ಉಳಿಸಿಕೊಂಡರೆ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಕನಿಷ್ಠ ಒಂದು ವರ್ಷ, ಗರಿಷ್ಠ ಮೂರು ವರ್ಷ ಜೈಲು ಇದೆ. ಕೈ ಬಿಗಿಯಾದ ತಿಂಗಳು ಬೇರೆ ಯಾವ ಬಿಲ್ ಬೇಕಾದರೂ ತಡವಾಗಲಿ, ಈ ದುಡ್ಡು ಮುಟ್ಟಬೇಡಿ. ಅದು ನಿಮ್ಮದಲ್ಲ.

ಮಾಮೂಲಿ ಹೊತ್ತು ಮೀರಿ ದುಡಿದರೆ ಎರಡು ಪಟ್ಟು ದರ. ಓಟಿಗೆ ಕೆಲಸಗಾರರ ಒಪ್ಪಿಗೆ ಬೇಕು. 'ಊಟ ಕೊಡಿಸಿದ್ದೇವಲ್ಲ' ಅನ್ನುವುದು ಓಟಿ ಆಗುವುದಿಲ್ಲ. ಹೆಣ್ಣುಮಕ್ಕಳು ಸಂಜೆ 7ರ ನಂತರ ಅಥವಾ ಬೆಳಿಗ್ಗೆ 6ರ ಮೊದಲು ಕೆಲಸ ಮಾಡಬಹುದು, ಆದರೆ ಅವರ ಒಪ್ಪಿಗೆ ಮತ್ತು ಸುರಕ್ಷತೆಯ ಏರ್ಪಾಡು ಎರಡೂ ಇರಬೇಕು. ರಜೆಯ ಲೆಕ್ಕವೂ ಸಡಿಲವಾಗಿದೆ: ವರ್ಷಕ್ಕೆ 180 ದಿನ ದುಡಿದರೆ ಸಾಕು, 20 ದಿನದ ಕೆಲಸಕ್ಕೆ ಒಂದು ದಿನ ಸಂಬಳ ಸಹಿತ ರಜೆ. ಮೊದಲು 240 ದಿನ ಆಗಬೇಕಿತ್ತು.

ಏಜೆನ್ಸಿಯಿಂದ ಬಂದವರ ಸಂಬಳ ಏಜೆನ್ಸಿಯೇ ಕೊಡಲಿ. ಆದರೆ ಅವರು ಕೊಡದಿದ್ದರೆ ಹೊಣೆ ನಿಮ್ಮ ಮೇಲೆ ಬರುತ್ತದೆ. ಅವರ ಬಿಲ್ ಪಾಸ್ ಮಾಡುವ ಮೊದಲು ಹಿಂದಿನ ತಿಂಗಳ ಸಂಬಳ ಹೋದ ಬ್ಯಾಂಕ್ ದಾಖಲೆ, ಪಿಎಫ್–ಇಎಸ್‌ಐ ಚಲನ್ ಕೇಳಿ ತೆಗೆದುಕೊಳ್ಳಿ.

ಏಳನೇ ಹೆಜ್ಜೆ: ಬಿಟ್ಟು ಹೋಗುವವರ ಲೆಕ್ಕ ಎರಡು ದಿನದಲ್ಲಿ

ರಾಜೀನಾಮೆ ಕೊಟ್ಟರೂ, ನೀವೇ ತೆಗೆದರೂ, ಅಂಗಡಿ ಮುಚ್ಚಿದರೂ ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೊಡಬೇಕು. 'ಮುಂದಿನ ತಿಂಗಳು ಎಲ್ಲರ ಸಂಬಳದ ಜೊತೆ ಬಾ' ಅನ್ನುವ ಕಾಲ ಮುಗಿಯಿತು. ಗ್ರಾಚ್ಯುಟಿಗೆ ಮಾತ್ರ 30 ದಿನ ಟೈಮ್ ಇದೆ.

ಎರಡೇ ದಿನದಲ್ಲಿ ಮುಗಿಸಬೇಕು ಅಂದರೆ ಲೆಕ್ಕ ಮೊದಲೇ ರೆಡಿ ಇರಬೇಕು. ಪ್ರತಿಯೊಬ್ಬರ ಹೆಸರಿಗೂ ಒಂದು ಹಾಳೆ ಇಡಿ. ಅದರಲ್ಲಿ ಉಳಿದ ರಜೆ, ಬಾಕಿ ಅಡ್ವಾನ್ಸ್, ಬರಬೇಕಾದ ಓಟಿ, ಕೊಟ್ಟಿರುವ ಟೂಲ್ಸ್, ಯೂನಿಫಾರಂ ಎಲ್ಲ ಪ್ರತಿ ತಿಂಗಳ ಕೊನೆಗೆ ಬರೆಯುತ್ತಾ ಹೋಗಿ.

ಗ್ರಾಚ್ಯುಟಿ ದುಡ್ಡನ್ನೂ ತಿಂಗಳು ತಿಂಗಳೂ ತೆಗೆದಿಡಿ. ಮೇಲೆ ಹೇಳಿದ ಫಿಟ್ಟರ್ ವಿಷಯದಲ್ಲಿ ಅದು ತಿಂಗಳಿಗೆ ಸುಮಾರು 960 ರೂಪಾಯಿ. ಬೇರೆ ಖಾತೆಗೆ ಹಾಕಿ. ವ್ಯವಹಾರದ ಖಾತೆಯಲ್ಲೇ ಬಿಟ್ಟರೆ ಮಾಲು ತರಲು ಹೋಗಿಬಿಡುತ್ತದೆ.

ಎಂಟನೇ ಹೆಜ್ಜೆ: ದಾಖಲೆ

ಕೆಲಸಗಾರರ ರಿಜಿಸ್ಟರ್, ಹಾಜರಿ, ಸಂಬಳದ ರಿಜಿಸ್ಟರ್, ಪೇ ಸ್ಲಿಪ್. ಇವು ನಾಲ್ಕು ಸರಿಯಾಗಿದ್ದರೆ ಸಾಕು. ಕಂಪ್ಯೂಟರಿನಲ್ಲಿ ಇಟ್ಟರೂ ನಡೆಯುತ್ತದೆ. ಮೊಬೈಲ್‌ನಲ್ಲಿ ಹಾಜರಿ ತೆಗೆದುಕೊಳ್ಳುವವರು ತಿಂಗಳ ಕೊನೆಗೆ ಒಂದು ಪ್ರಿಂಟ್ ತೆಗೆದು ಸಹಿ ಹಾಕಿಸಿಡಿ.

ದಾಖಲೆಯ ಮಹತ್ವಕ್ಕೆ ಒಂದು ಕಾರಣ ಇದೆ. ಸಂಬಳ ಕಡಿಮೆ ಬಂತು ಅಂತ ಕೆಲಸಗಾರರು ಮೂರು ವರ್ಷದ ತನಕ ದೂರು ಕೊಡಬಹುದು. ಕೊಟ್ಟಿದ್ದೇವೆ ಅಂತ ತೋರಿಸುವ ಹೊಣೆ ಮಾಲೀಕರದ್ದು. ಬಾಕಿ ಸಾಬೀತಾದರೆ, ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನ ತನಕ ಪರಿಹಾರ ಕೊಡಿಸಬಹುದು. ಕಡಿಮೆ ಸಂಬಳ ಕೊಟ್ಟದ್ದಕ್ಕೆ ದಂಡ 50,000 ರೂಪಾಯಿ ತನಕ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪಾದರೆ ಮೂರು ತಿಂಗಳ ತನಕ ಜೈಲು ಅಥವಾ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ.

ಕಡಿಮೆ ಸಂಬಳ ಕೊಟ್ಟದ್ದನ್ನು ಬಿಟ್ಟು, ದಾಖಲೆಯಂಥ ಬೇರೆ ತಪ್ಪುಗಳಿಗೆ ಮೊದಲ ಸಲ ನೇರ ಕೇಸ್ ಹಾಕುವುದಿಲ್ಲ. ಈಗಿನ ಇನ್‌ಸ್ಪೆಕ್ಟರ್‌ಗೆ ಸಲಹೆ ಕೊಡುವ ಕೆಲಸವನ್ನೂ ಕೊಟ್ಟಿದ್ದಾರೆ. ಅವರು ಬರಹದಲ್ಲಿ ಸೂಚನೆ ಕೊಟ್ಟು, ಸರಿ ಮಾಡಿಕೊಳ್ಳಲು ಸಮಯ ಕೊಡಬೇಕು. ಅಷ್ಟರಲ್ಲಿ ಸರಿ ಮಾಡಿದರೆ ಕೇಸ್ ಇಲ್ಲ. ಸೂಚನೆ ಬಂದರೆ ಮೇಜಿನ ಡ್ರಾಯರ್‌ಗೆ ಹಾಕಬೇಡಿ. ಅವತ್ತೇ ನಿಮ್ಮ ಆಡಿಟರ್‌ಗೆ ತೋರಿಸಿ, ಸರಿ ಮಾಡಿ, ಉತ್ತರ ಬರೆದು ಸ್ವೀಕೃತಿ ತೆಗೆದುಕೊಳ್ಳಿ.

ಎಲ್ಲಿಂದ ಶುರು ಮಾಡುವುದು?

ಎಲ್ಲವನ್ನೂ ಒಟ್ಟಿಗೆ ಹಿಡಿದುಕೊಂಡರೆ ಯಾವುದೂ ಮುಗಿಯುವುದಿಲ್ಲ. ಮೊದಲ ವಾರ ತಲೆ ಎಣಿಕೆ ಮತ್ತು ಕನಿಷ್ಠ ವೇತನ. ಎರಡನೇ ವಾರ ಸಂಬಳದ ಹಾಳೆ. ಆ ಹಾಳೆ ಹಿಡಿದುಕೊಂಡು ಆಡಿಟರ್ ಹತ್ತಿರ ಹೋಗಿ ಮೂರು ಪ್ರಶ್ನೆ ಕೇಳಿ. ಹೊಸ ಲೆಕ್ಕದಲ್ಲಿ ಇಎಸ್‌ಐಗೆ ಯಾರು ಹೊಸದಾಗಿ ಬರುತ್ತಾರೆ? ಗ್ರಾಚ್ಯುಟಿ ಹೊಣೆ ಇವತ್ತಿಗೆ ಒಟ್ಟು ಎಷ್ಟು? ನಮ್ಮ ಬಗೆಯ ಉದ್ಯಮಕ್ಕೆ ರಾಜ್ಯದ ಯಾವ ನಿಯಮ ಯಾವ ತಾರೀಕಿನಿಂದ ಜಾರಿ? ಉತ್ತರ ಬಾಯಿಮಾತಿನಲ್ಲಿ ಬೇಡ, ಬರಹದಲ್ಲಿ ತೆಗೆದುಕೊಳ್ಳಿ. ಅದಾದ ಮೇಲೆ ನೋಟಿಸ್, ನೇಮಕಾತಿ ಪತ್ರ.

ಅಂಗಡಿ, ಹೋಟೆಲ್‌ನವರಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇನ್ನೂ ಇದೆ. ಅದರ ನೋಂದಣಿ ನವೀಕರಣ ಆಗಿದೆಯಾ ಅಂತಲೂ ಇದೇ ಸುತ್ತಿನಲ್ಲಿ ನೋಡಿಬಿಡಿ.